ಹೂಳೆತ್ತುವ ಮುನ್ನ: ಊರಕೆರೆಗೆ ಬಳಕೆದಾರರ ಸಂಘ ಕಟ್ಟುವ ಕ್ರಮ

ಕೆರೆ ಉಳಿಸಬೇಕೆಂಬ ಮಾತು ಎದ್ದಾಗ ಊರಿನಲ್ಲಿ ಮೊದಲು ಚರ್ಚೆಗೆ ಬರುವುದು ಜೆಸಿಬಿ. ಗಂಟೆಗೆ ಎಷ್ಟು ಬಾಡಿಗೆ, ಎಷ್ಟು ದಿನದ ಕೆಲಸ, ಗೋಡು, ಅಂದರೆ ಎತ್ತಿದ ಹೂಳುಮಣ್ಣು, ಯಾರ ಹೊಲಕ್ಕೆ ಹೋಗಬೇಕು ಎಂಬುದರಲ್ಲಿಯೇ ಸಭೆ ಮುಗಿದು, ಯಾರಾದರೂ ಅನುದಾನ ತರಿಸುವ ಭರವಸೆ ಕೊಟ್ಟು ಎಲ್ಲರೂ ಮನೆಗೆ ಹೋಗುತ್ತಾರೆ. ಹೀಗೆ ಹೂಳೆತ್ತಿದ ಕೆರೆಗಳು ಮೂರು ನಾಲ್ಕು ಮಳೆಗಾಲದೊಳಗೆ ಮತ್ತೆ ಜಾಲಿ ಬೆಳೆದು ನಿಂತಿರುವುದನ್ನು ಬಯಲುಸೀಮೆಯ ಯಾವ ತಾಲ್ಲೂಕಿನಲ್ಲಾದರೂ ನೋಡಬಹುದು. ಹೂಳೆತ್ತುವುದು ಕೆರೆಯ ಕೆಲಸಗಳಲ್ಲಿ ಕಡೆಯದು. ಅದಕ್ಕೂ ಮೊದಲು ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಅದನ್ನು ಯಾರು ಯಾರು ಬಳಸುತ್ತಾರೆ, ಬಂದ ನೀರನ್ನು ಹೇಗೆ ಹಂಚಿಕೊಳ್ಳುತ್ತಾರೆ, ಅದರ ಲೆಕ್ಕವನ್ನು ಯಾರು ಬರೆದಿಡುತ್ತಾರೆ ಎಂಬ ನಾಲ್ಕು ಸಂಗತಿಗಳು ಊರಿನೊಳಗೆ ಇತ್ಯರ್ಥವಾಗಬೇಕು. ಈ ನಾಲ್ಕನ್ನು ಇತ್ಯರ್ಥಪಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ತಮ್ಮ ಊರಿನಲ್ಲಿ ಕೆರೆ ಸಂಘ ಕಟ್ಟಲು ಹೊರಟಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ, ಗೋಮಾಳ, ಗುಂಡುತೋಪು, ಕುಡಿಯುವ ನೀರಿನ ಬಾವಿ ಮುಂತಾದ ಸಾಮೂಹಿಕ ಆಸ್ತಿಗಳಿಗೂ ಇದರ ಬಹುಪಾಲು ಹೊಂದುತ್ತದೆ.

ನಕ್ಷೆ ಹಿಡಿದು ನಡೆಯುವುದು

ಮೊದಲ ಸಾಧನ ಕಂದಾಯ ಇಲಾಖೆಯ ಗ್ರಾಮನಕ್ಷೆ. ತಾಲ್ಲೂಕಿನ ಭೂದಾಖಲೆಗಳ ಕಚೇರಿಯಲ್ಲಿ ಅರ್ಜಿ ಕೊಟ್ಟು ನಕ್ಷೆಯನ್ನೂ ಕೆರೆಯ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯಗಳನ್ನು ತೋರಿಸುವ ಆಕಾರ್‌ಬಂದ್ ಮತ್ತು ಪಹಣಿಯನ್ನೂ ಪಡೆದುಕೊಳ್ಳಬೇಕು. ಕೆರೆಯಂಗಳ, ಏರಿ, ಕೆರೆಗೆ ನೀರು ತರುವ ರಾಜಕಾಲುವೆಗಳು ಸಾಮಾನ್ಯವಾಗಿ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ, ಸಾಗುವಳಿಗೆ ಸಲ್ಲದ ಬಿ-ಖರಾಬು ಎಂದು ದಾಖಲಾಗಿರುತ್ತವೆ. ಎಷ್ಟು ಎಕರೆ ಎಷ್ಟು ಗುಂಟೆ ಎಂಬುದನ್ನು ದಾಖಲೆಯಿಂದಲೇ ಬರೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಊರಿನ ನೆನಪಿನಲ್ಲಿರುವ ಅಳತೆಗೂ ದಾಖಲೆಯ ಅಳತೆಗೂ ವ್ಯತ್ಯಾಸವಿರುವುದೇ ಹೆಚ್ಚು.

ನಕ್ಷೆ ಕೈಗೆ ಬಂದ ಮೇಲೆ ಮುಂಗಾರಿಗೆ ಮುನ್ನ, ಒಣಗಿದ ದಿನಗಳಲ್ಲಿ, ಮಳೆನೀರು ಹರಿದು ಕೆರೆ ಸೇರುವ ಜಲಾನಯನದ ತುದಿಯಿಂದ ಆರಂಭಿಸಿ ಅಚ್ಚುಕಟ್ಟಿನ, ಅಂದರೆ ಕೆರೆಯ ನೀರು ಹಾಯುವ ಜಮೀನಿನ, ಕಡೆಯ ಗದ್ದೆಯವರೆಗೆ ನಡೆಯಬೇಕು. ನೀರು ಹರಿಯುವ ದಿಕ್ಕಿನಲ್ಲಿಯೇ ನಡೆಯುವುದು ಮುಖ್ಯ. ಏರಿಯ ಮೇಲೆ ನಿಂತು ಕೆರೆಯನ್ನು ನೋಡಿದವರಿಗೆ ಹೂಳು ಮಾತ್ರ ಕಾಣುತ್ತದೆ. ಮೇಲಿನಿಂದ ಇಳಿದು ಬಂದವರಿಗೆ ಮೋರಿಯಿಲ್ಲದೆ ಹಾಕಿದ ರಸ್ತೆ, ರಾಜಕಾಲುವೆಯನ್ನು ಉತ್ತು ಸೇರಿಸಿಕೊಂಡ ಹೊಲ, ನೀಲಗಿರಿ ತೋಪು, ಇಟ್ಟಿಗೆ ಗೂಡಿಗಾಗಿ ತೋಡಿದ ಗುಂಡಿ, ಹೊಸ ಬಡಾವಣೆಯ ಕಾಂಪೌಂಡು ಎಲ್ಲವೂ ಒಂದೊಂದಾಗಿ ಕಾಣುತ್ತವೆ. ಈ ನಡಿಗೆಯಲ್ಲಿ ಪಂಚಾಯಿತಿ ಸದಸ್ಯರಿಗಿಂತ ಕುರಿ ಮೇಯಿಸುವವರು, ಹಿಂದೆ ನೀರುಗಂಟಿಯ (ಕೆರೆಯ ನೀರು ಬಿಟ್ಟು ಹಂಚುವ) ಕೆಲಸ ಮಾಡಿದ ಮನೆಯವರು, ಬಟ್ಟೆ ಒಗೆಯಲು ಮತ್ತು ಸೊಪ್ಪು ಕೊಯ್ಯಲು ಕೆರೆಯ ಕಡೆಗೆ ಹೋಗುವ ಹೆಂಗಸರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ನಿಂತ ಪ್ರತಿಯೊಂದು ಜಾಗದಲ್ಲಿಯೂ ಆ ಜಾಗವನ್ನು ಊರವರು ಏನೆಂದು ಕರೆಯುತ್ತಾರೆ, ಹಿಂದೆ ಅಲ್ಲಿ ಏನಿತ್ತು, ಈಗ ಯಾರ ಸ್ವಾಧೀನದಲ್ಲಿದೆ ಎಂದು ಕೇಳಿ ನಕ್ಷೆಯ ಪ್ರತಿಯ ಮೇಲೆ ಗುರುತು ಹಾಕಬೇಕು.

ಒತ್ತುವರಿ ಕಂಡಾಗ ಸ್ಥಳದಲ್ಲಿಯೇ ವಾದಕ್ಕೆ ಇಳಿಯಬಾರದು. ಗುರುತು ಹಾಕಿಕೊಂಡು ಮುಂದೆ ಹೋಗಬೇಕು. ಒತ್ತುವರಿದಾರರ ಪಟ್ಟಿಯೊಂದಿಗೆ ಆರಂಭವಾದ ಸಂಘಕ್ಕೆ ಮೊದಲ ದಿನವೇ ಊರಿನ ಅರ್ಧ ಜನ ಹೊರಗಿನವರಾಗುತ್ತಾರೆ. ಅಧಿಕೃತ ಸರ್ವೆಗೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಗಡಿಕಲ್ಲು ನೆಟ್ಟ ನಂತರ ಆ ವಿಷಯವನ್ನು ಸಭೆಗೆ ತಂದರೆ ಅದು ಒಬ್ಬರ ಮೇಲೆ ಇನ್ನೊಬ್ಬರು ಹೊರಿಸುವ ದೂರಾಗಿ ಉಳಿಯುವುದಿಲ್ಲ. ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯಿದೆಯಂತಹ ಆಧಾರಗಳು ಇವೆಯಾದರೂ, ಅವನ್ನು ಊರಿನ ಮಾತುಕತೆ ಸೋತ ಮೇಲೆ ಬಳಸುವುದು ಜಾಣತನ.

ಬಳಕೆದಾರರು ಯಾರು

ಸಂಘ ನಿಲ್ಲುವುದೂ ಬೀಳುವುದೂ ಈ ಪ್ರಶ್ನೆಯ ಮೇಲೆ. ಹಿಂದಿನ ಕ್ರಮದಲ್ಲಿ ಕೆರೆಯೆಂದರೆ ಅಚ್ಚುಕಟ್ಟುದಾರರದು. ಕೆರೆಯಿಂದ ನೀರು ಬಿಡುವ ತೂಬಿನ ಕೆಳಗೆ ಗದ್ದೆಯಿದ್ದವರೇ ಕೆರೆಯ ಹಕ್ಕುದಾರರು, ದುರಸ್ತಿಯ ಹೊಣೆಯೂ ಅವರದೇ. ಇಂದು ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಕೆರೆಗಳಲ್ಲಿ ತೂಬು ತೆರೆದು ವರ್ಷಗಳಾಗಿವೆ. ನೀರು ನೆಲಕ್ಕೆ ಇಂಗಲಿ ಎಂದು ತೂಬನ್ನು ಮುಚ್ಚಿಯೇ ಇಟ್ಟಿರುವ ಊರುಗಳಿವೆ. ಅಲ್ಲಿ ಕೆರೆಯ ನಿಜವಾದ ಫಲಾನುಭವಿಗಳು ಸುತ್ತಲಿನ ಕೊಳವೆಬಾವಿಗಳ ಮಾಲೀಕರು. ಅವರಲ್ಲಿ ಹಲವರಿಗೆ ಅಚ್ಚುಕಟ್ಟಿನಲ್ಲಿ ಒಂದು ಗುಂಟೆಯೂ ಇರುವುದಿಲ್ಲ. ಕೆರೆ ತುಂಬಿದರೆ ಮೊದಲ ಲಾಭ ಅವರಿಗೆ, ಏರಿ ಒಡೆದರೆ ನಷ್ಟ ಗದ್ದೆಯವರಿಗೆ ಎಂಬ ಈ ಸ್ಥಿತಿಯನ್ನು ಸರಿಪಡಿಸದೆ ಅಚ್ಚುಕಟ್ಟುದಾರರಿಂದ ಮಾತ್ರ ವಂತಿಗೆ ಕೇಳಿದರೆ ಯಾರೂ ಕೊಡುವುದಿಲ್ಲ. ಕೊಡದಿರುವುದೇ ನ್ಯಾಯ ಎಂದು ನಾನು ಭಾವಿಸುತ್ತೇನೆ.

ಆದ್ದರಿಂದ ಸದಸ್ಯರ ಪಟ್ಟಿಯನ್ನು ಪಹಣಿಯಿಂದ ಆರಂಭಿಸದೆ ಬಳಕೆಯಿಂದ ಆರಂಭಿಸಬೇಕು. ಒಂದು ದೊಡ್ಡ ಹಾಳೆಯ ಎಡಬದಿಯಲ್ಲಿ ಕೆರೆಯ ಉಪಯೋಗಗಳನ್ನು ಬರೆಯಬೇಕು: ತೂಬಿನ ನೀರು, ಕೊಳವೆಬಾವಿಯ ಒರತೆ, ದನಕುರಿಗಳ ಕುಡಿಯುವ ನೀರು, ಮೀನು, ಅಂಗಳದ ಮೇವು, ಗೋಡುಮಣ್ಣು, ಕುಂಬಾರರ ಮಣ್ಣು, ಬಟ್ಟೆ ಒಗೆಯುವುದು, ಗಣಪತಿ ಬಿಡುವುದು. ಪ್ರತಿಯೊಂದರ ಎದುರಿಗೆ ಅದನ್ನು ಬಳಸುವ ಮನೆಗಳ ಹೆಸರು ಬರೆಯುತ್ತ ಹೋದರೆ, ಜಮೀನಿಲ್ಲದ ಮನೆಗಳೂ ಪಟ್ಟಿಯಲ್ಲಿ ಎರಡು ಮೂರು ಕಡೆ ಕಾಣಿಸಿಕೊಳ್ಳುತ್ತವೆ. ಅವರನ್ನು ಬಿಟ್ಟು ಮಾಡಿದ ನಿಯಮವನ್ನು ಅವರು ಪಾಲಿಸಲಿ ಎಂದು ಯಾವ ಬಾಯಿಂದ ಕೇಳುವುದು?

ಸದಸ್ಯತ್ವವನ್ನು ಮನೆಗೆ ಒಂದರಂತೆ ಕೊಡುವ ಬದಲು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿಯೂ ಕೊಡುವುದು ಸೂಕ್ತ. ಮನೆಗೊಂದು ಎಂದರೆ ಬಯಲುಸೀಮೆಯ ಹಳ್ಳಿಯಲ್ಲಿ ಅದು ಗಂಡಸಿನ ಹೆಸರೇ ಆಗಿರುತ್ತದೆ. ಹೆಂಗಸರು ಸಭೆಗೆ ಬರಬೇಕೆಂದರೆ ಸಭೆಯ ಹೊತ್ತನ್ನೂ ಜಾಗವನ್ನೂ ಅವರನ್ನು ಕೇಳಿಯೇ ನಿಗದಿ ಮಾಡಬೇಕು. ಹಾಲು ಕರೆಯುವ ಹೊತ್ತಿನಲ್ಲಿ ಕರೆದ ಸಭೆಗೆ ಅವರು ಬರಲಿಲ್ಲವೆಂದು ನಡಾವಳಿಯಲ್ಲಿ ಬರೆಯುವುದು ಸಲ್ಲದು. ದೇವಸ್ಥಾನದ ಜಗಲಿ ಕೆಲವರಿಗೆ ಹತ್ತಲಾಗದ ಜಾಗವಾಗಿದ್ದರೆ ಶಾಲೆಯ ಅಂಗಳದಲ್ಲಿ ಅಥವಾ ಏರಿಯ ಮೇಲೆಯೇ ಸಭೆ ಸೇರಬೇಕು. ಈ ಒಂದು ತೀರ್ಮಾನದಿಂದಲೇ ಸಂಘ ಯಾರದು ಎಂಬುದು ಊರಿಗೆಲ್ಲ ತಿಳಿದುಹೋಗುತ್ತದೆ.

ನೀರಿನ ಲೆಕ್ಕ

ಸಭೆಗಳಲ್ಲಿ ಏರುಮಾತು ನಿಲ್ಲಿಸುವ ಶಕ್ತಿ ಅಂಕಿಗಳಿಗೆ ಇದೆ, ಅವುಗಳನ್ನು ಎಲ್ಲರೂ ಸೇರಿ ಹಾಕಿದ್ದರೆ. ಈ ಲೆಕ್ಕಕ್ಕೆ ಇಂಜಿನಿಯರು ಬೇಕಿಲ್ಲ. ಏಳನೆಯ ತರಗತಿಯ ಗಣಿತ ಸಾಕು. ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ.

ಕೆರೆಯ ಅಂಗಳ 20 ಎಕರೆ, ತುಂಬಿದಾಗ ಸರಾಸರಿ ಆಳ ಒಂದೂವರೆ ಮೀಟರ್ ಎಂದುಕೊಳ್ಳೋಣ. ಒಂದು ಎಕರೆಗೆ ಸುಮಾರು 4,047 ಚದರ ಮೀಟರ್. ಅಲ್ಲಿಗೆ ಕೆರೆ ಹಿಡಿಯುವ ನೀರು ಸುಮಾರು 1,21,000 ಘನ ಮೀಟರ್. ಇನ್ನು ಬರುವ ನೀರು. ಜಲಾನಯನ 2 ಚದರ ಕಿಲೋಮೀಟರ್, ವರ್ಷದ ಮಳೆ 600 ಮಿಲಿಮೀಟರ್, ಅದರಲ್ಲಿ ಹತ್ತನೆಯ ಒಂದು ಪಾಲು ಹರಿದು ಕೆರೆ ಸೇರುತ್ತದೆ ಎಂದರೆ 1,20,000 ಘನ ಮೀಟರ್ ಆಗುತ್ತದೆ. ಬರುವ ನೀರೂ ಹಿಡಿಯುವ ಜಾಗವೂ ಹೆಚ್ಚು ಕಡಿಮೆ ಸಮನಾಗಿವೆ. ಈ ಊರಿನಲ್ಲಿ ರಾಜಕಾಲುವೆ ಮುಚ್ಚಿ ಅರ್ಧ ನೀರು ಬೇರೆಡೆಗೆ ಹರಿದುಹೋಗುತ್ತಿದ್ದರೆ, ಎಷ್ಟು ಹೂಳೆತ್ತಿದರೂ ಕೆರೆ ಅರ್ಧವೇ ತುಂಬುತ್ತದೆ. ಅದೇ ಕೆರೆಯಲ್ಲಿ ಒಂದು ಅಡಿ ಹೂಳು ತೆಗೆಯಲು 8,71,200 ಘನ ಅಡಿ ಮಣ್ಣು ಎತ್ತಬೇಕು. ಟ್ರ್ಯಾಕ್ಟರ್ ಟ್ರೈಲರಿಗೆ 100 ಘನ ಅಡಿಯಂತೆ 8,712 ಲೋಡು. ರಾಜಕಾಲುವೆಯ ಒಂದೆರಡು ಕಿಲೋಮೀಟರ್ ಬಿಡಿಸುವ ಖರ್ಚನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ಯಾವ ಕೆಲಸ ಮೊದಲು ಎಂಬುದಕ್ಕೆ ಚರ್ಚೆಯೇ ಬೇಕಾಗುವುದಿಲ್ಲ.

ಮುಂದಿನದು ಹಂಚಿಕೆ. ತುಂಬಿದ ಕೆರೆಯಲ್ಲಿ ಮೂರನೆಯ ಒಂದು ಪಾಲು ಆವಿಯಾಗಿಯೂ ಇಂಗಿಯೂ ಹೋಗುತ್ತದೆ ಎಂದು ಬಿಡೋಣ. ನಮ್ಮ ಬಯಲಿನಲ್ಲಿ ದಿನಕ್ಕೆ ಐದು ಮಿಲಿಮೀಟರಿನಷ್ಟು ನೀರು ಬಿಸಿಲಿಗೆ ಹೋಗುವುದು ಹೊಸದೇನಲ್ಲ. ಉಳಿದ 80,000 ಘನ ಮೀಟರಿನಲ್ಲಿ ದನಕುರಿಗಳಿಗೂ ಮೀನಿಗೂ 10,000 ತೆಗೆದಿಟ್ಟರೆ ಬೆಳೆಗೆ 70,000. ಮಳೆಯ ನೆರವಿಲ್ಲದೆ ಬೆಳೆಯುವ ಭತ್ತಕ್ಕೆ 1,200 ಮಿಲಿಮೀಟರ್ ನೀರು ಬೇಕೆಂದು ಹಿಡಿದು, ಕಾಲುವೆಯಲ್ಲಿ ಕಾಲು ಭಾಗ ಸೋರುತ್ತದೆಂದು ಸೇರಿಸಿದರೆ, ಎಕರೆಗೆ ಸುಮಾರು 6,500 ಘನ ಮೀಟರ್ ಬೇಕು. ಅಂದರೆ ಇಡೀ ಕೆರೆಯಿಂದ ಹತ್ತು ಹನ್ನೊಂದು ಎಕರೆ ಭತ್ತ. ಅದೇ ನೀರನ್ನು ಮಳೆ ಕೈಕೊಟ್ಟ ವಾರಗಳಲ್ಲಿ ರಾಗಿಗೆ ಐದು ಸೆಂಟಿಮೀಟರಿನಂತೆ ಮೂರು ಸಲ ಹಾಯಿಸಿದರೆ ಅದೇ ಸೋರಿಕೆಯನ್ನು ಸೇರಿಸಿಯೂ ಎಕರೆಗೆ 810 ಘನ ಮೀಟರ್ ಸಾಕು. ಸುಮಾರು 85 ಎಕರೆಯ ಬೆಳೆ ಉಳಿಯುತ್ತದೆ. ಇವು ಉದಾಹರಣೆಯ ಅಂಕಿಗಳು. ನಿಮ್ಮ ಮಣ್ಣು, ನಿಮ್ಮ ಮಳೆಗೆ ಬೇರೆಯಾಗುತ್ತವೆ. ಆದರೆ ಭತ್ತ ಮತ್ತು ರಾಗಿಯ ನಡುವಿನ ಅಂತರ ಎಲ್ಲಿಯೂ ಅಳಿಸಿಹೋಗುವಂಥದ್ದಲ್ಲ. ತೂಬಿನ ಹತ್ತಿರ ಗದ್ದೆಯಿರುವವರು ಭತ್ತ ಹಾಕುವ ಹಠ ಹಿಡಿದಾಗ ಅದರ ಬೆಲೆಯನ್ನು ಕಡೆಯ ಗದ್ದೆಯವರು ಎಷ್ಟು ಎಕರೆಯ ಲೆಕ್ಕದಲ್ಲಿ ತೆರುತ್ತಾರೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಹುದು.

ಈ ಲೆಕ್ಕಕ್ಕೆ ಬೇಕಾದ ಉಪಕರಣ ಒಂದೇ: ತೂಬಿನ ಬಳಿ ನೆಟ್ಟ, ಅಡಿ ಅಂಗುಲದ ಗುರುತಿರುವ ಕಲ್ಲುಕಂಬ. ಕೆರೆ ಬತ್ತಿದ ಬೇಸಿಗೆಯಲ್ಲಿ ಅಂಗಳದ ಬೇರೆ ಬೇರೆ ಕಡೆ ಮಟ್ಟ ಅಳೆದು, ಕಂಬದಲ್ಲಿ ಇಷ್ಟು ಅಡಿ ಕಂಡರೆ ಕೆರೆಯಲ್ಲಿ ಇಷ್ಟು ನೀರು ಎಂಬ ಪಟ್ಟಿಯೊಂದನ್ನು ಸಿದ್ಧಪಡಿಸಿ ಪಂಚಾಯಿತಿಯ ಗೋಡೆಗೆ ಬರೆಸಿಬಿಡಬೇಕು. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಮಟ್ಟ ನೋಡುವ ವಿಧಾನ ಊರಿನ ಗಾರೆ ಕೆಲಸದವರಿಗೆಲ್ಲ ಬರುತ್ತದೆ. ಮುಂಗಾರು ಮುಗಿಯುವ ಹೊತ್ತಿಗೆ ಕಂಬ ನೋಡಿ, ಆ ವರ್ಷ ಯಾವ ಬೆಳೆ, ಎಷ್ಟು ಎಕರೆ, ಎಷ್ಟು ಸರದಿ ಎಂಬುದನ್ನು ಸರ್ವಸದಸ್ಯರ ಸಭೆ ತೀರ್ಮಾನಿಸಬೇಕು.

ನೀರು ತೀರ ಕಡಿಮೆಯಾದ ವರ್ಷಕ್ಕೂ ಮೊದಲೇ ಒಪ್ಪಿದ ಸೂತ್ರವಿರಲಿ. ಕೋಲಾರದ ಕಡೆಯ ಕೆಲವು ಕೆರೆಗಳಲ್ಲಿ ಹಿಂದೆ ಒಂದು ರೂಢಿಯಿತ್ತು: ನೀರು ಸಾಲದ ವರ್ಷದಲ್ಲಿ ತೂಬಿಗೆ ಹತ್ತಿರದ ಒಂದು ಭಾಗವನ್ನಷ್ಟೇ ಸಾಗುವಳಿಗೆ ಆರಿಸಿ, ಆ ಭಾಗವನ್ನು ಎಲ್ಲ ಅಚ್ಚುಕಟ್ಟುದಾರರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಆ ಬೆಳೆಯ ಮಟ್ಟಿಗೆ ಹಂಚುತ್ತಿದ್ದರು. ಜಮೀನಿನ ಮಾಲೀಕತ್ವ ಕದಲುವುದಿಲ್ಲ, ಕಾಲುವೆಯ ಉದ್ದ ತಗ್ಗುವುದರಿಂದ ಸೋರಿಕೆ ಕಡಿಮೆ, ಬರದ ಭಾರ ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ. ಇಷ್ಟು ಜಾಣ ಏರ್ಪಾಡನ್ನು ಯಾವ ಇಲಾಖೆಯೂ ನಮಗೆ ಕಲಿಸಿದ್ದಲ್ಲ. ಬರ ಬಂದ ಮೇಲೆ ಇದನ್ನು ಪ್ರಸ್ತಾಪಿಸಿದರೆ ತೂಬಿನ ಹತ್ತಿರದವರು ಒಪ್ಪುವುದಿಲ್ಲ. ಕೆರೆ ತುಂಬಿ ಕೋಡಿ ಬಿದ್ದ ವರ್ಷದಲ್ಲಿ ಒಪ್ಪಿಸಿ ಸಹಿ ಹಾಕಿಸಿಕೊಳ್ಳಬೇಕು.

ನಿಯಮ ಬರೆಯುವ ಬಗೆ

ನಿಯಮಾವಳಿಯನ್ನು ಬೇರೆ ಸಂಘದಿಂದ ನಕಲು ಮಾಡಿ ತಂದು ಓದಿಸುವುದು ರೂಢಿಯಾಗಿದೆ. ನೋಂದಣಿಗೆ ಅಂತಹ ಕಾಗದ ಬೇಕಾಗಬಹುದು. ಕೆರೆ ನಡೆಸಲು ಅದು ಬೇಕಾಗುವುದಿಲ್ಲ. ನಿಜವಾಗಿ ಬೇಕಾದುದು ಊರಿನವರು ತಮ್ಮ ಮಾತಿನಲ್ಲಿ ಹೇಳಿ ಬರೆಸಿದ ಹತ್ತು ಹನ್ನೆರಡು ವಾಕ್ಯಗಳು, ಹೀಗೆ:

“ಸರದಿ ಕಡೆಯ ಗದ್ದೆಯಿಂದ ಆರಂಭವಾಗಿ ತೂಬಿನ ಕಡೆಗೆ ಬರತಕ್ಕದ್ದು. ಕಂಬದಲ್ಲಿ ಮೂರು ಅಡಿಗೆ ನೀರು ಇಳಿದ ದಿನ ತೂಬು ಮುಚ್ಚತಕ್ಕದ್ದು. ಅದರ ಕೆಳಗಿನ ನೀರು ದನಕರುಗಳದು. ನೀರುಗಂಟಿಯ ಹೊರತು ಬೇರೆಯವರು ತೂಬು ಮುಟ್ಟತಕ್ಕದ್ದಲ್ಲ. ಕೆರೆಯಂಗಳಕ್ಕೆ ಪಂಪು ಇಳಿಸತಕ್ಕದ್ದಲ್ಲ. ಗೋಡು ಒಯ್ಯುವವರು ಏರಿಯ ಬುಡದಿಂದ ಗುರುತಿನ ಕಲ್ಲಿನವರೆಗೆ ಗುದ್ದಲಿ ಹಾಕತಕ್ಕದ್ದಲ್ಲ.”

ಪ್ರತಿಯೊಂದು ವಾಕ್ಯವೂ ಯಾರು, ಎಲ್ಲಿ, ಯಾವಾಗ ಎಂಬುದನ್ನು ಹೇಳುತ್ತಿರುವುದನ್ನು ಗಮನಿಸಬೇಕು. ನೀರನ್ನು ಮಿತವಾಗಿ ಬಳಸತಕ್ಕದ್ದು ಎಂಬಂತಹ ವಾಕ್ಯವನ್ನು ಮುರಿದವರು ಯಾರೆಂದು ಯಾರೂ ತೋರಿಸಲಾರರು. ಅದನ್ನು ಬರೆಯದಿರುವುದೇ ಮೇಲು. ನಿಯಮಗಳನ್ನು ವರ್ಷಕ್ಕೊಮ್ಮೆ ಓದಿ, ಕೆಲಸಕ್ಕೆ ಬಾರದ್ದನ್ನು ತೆಗೆದುಹಾಕುವ ಅಧಿಕಾರ ಸರ್ವಸದಸ್ಯರ ಸಭೆಗೆ ಮಾತ್ರ ಇರಬೇಕು, ಕಾರ್ಯಕಾರಿ ಸಮಿತಿಗಲ್ಲ.

ನೀರುಗಂಟಿಯೂ ಪುಸ್ತಕಗಳೂ

ಹಿಂದೆ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯ ಸಲ್ಲುತ್ತಿತ್ತು. ಕೆರೆ ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಯನ್ನು ಶಾಸನಗಳು ಕೆರೆಗೊಡಗೆ ಎಂದು ಕರೆಯುತ್ತವೆ. ಬೆಳೆದವರು ಕೊಟ್ಟದ್ದರಿಂದ ಅವನು ಬದುಕುತ್ತಿದ್ದ. ಬೆಳೆ ಚೆನ್ನಾದರೆ ಅವನ ಪಾಲೂ ಚೆನ್ನಾಗಿರುತ್ತಿತ್ತು. ಆದರೆ ಆ ಕೆಲಸ ಕೆಲವು ಜಾತಿಗಳಿಗೆ ಕಟ್ಟುಬಿದ್ದಿತ್ತು, ಕೊಡುವುದು ಬಿಡುವುದು ದೊಡ್ಡ ಹಿಡುವಳಿದಾರರ ಮರ್ಜಿಯಲ್ಲಿತ್ತು ಎಂಬುದನ್ನೂ ಮರೆಯಬಾರದು. ಇಂದು ನೀರುಗಂಟಿಯನ್ನು ನೇಮಿಸುವಾಗ ಹುಟ್ಟನ್ನು ನೋಡದೆ, ಅರ್ಜಿ ಕರೆದು, ತಿಂಗಳ ಸಂಬಳ ಗೊತ್ತುಮಾಡಿ, ಲಿಖಿತ ಕರಾರಿನ ಮೇಲೆ ನೇಮಿಸಬೇಕು. ತೂಬಿನ ಬಳಿ ಗದ್ದೆಯಿರುವವರನ್ನು ಈ ಕೆಲಸಕ್ಕೆ ಇಟ್ಟುಕೊಳ್ಳದಿರುವುದು ಕ್ಷೇಮ, ಬೇಲಿಯೇ ಎದ್ದು ಹೊಲ ಮೇಯಲು ಅವಕಾಶ ಏಕೆ ಕೊಡಬೇಕು. ಜಮೀನಿಲ್ಲದವರು ಅಥವಾ ಕಡೆಯ ಗದ್ದೆಯವರು ಉತ್ತಮ.

ನೀರುಗಂಟಿಯ ಪುಸ್ತಕದ ಒಂದು ಪುಟದಲ್ಲಿ ಆರು ಅಂಕಣಗಳು ಸಾಕು: ತಾರೀಖು, ಬೆಳಗಿನ ಕಂಬದ ಮಟ್ಟ, ತೂಬು ತೆರೆದ ಹೊತ್ತು, ಮುಚ್ಚಿದ ಹೊತ್ತು, ಯಾರ ಸರದಿ, ನೀರು ಪಡೆದವರ ಸಹಿ ಅಥವಾ ಹೆಬ್ಬೆಟ್ಟು. ಕಡೆಯ ಅಂಕಣವೇ ಇಡೀ ಪುಸ್ತಕದ ಜೀವ. ನೀರು ಮುಟ್ಟಲಿಲ್ಲವೆಂದರೆ ಸಹಿ ಹಾಕದಿರುವ ಹಕ್ಕು ರೈತರಿಗಿರುತ್ತದೆ, ಖಾಲಿ ಬಿದ್ದ ಜಾಗಕ್ಕೆ ನೀರುಗಂಟಿ ಮುಂದಿನ ಸಭೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. ರಾತ್ರಿಯ ಸರದಿ ಯಾರ ಪಾಲಿಗೆ ಎಷ್ಟು ಸಲ ಬಂತೆಂಬುದೂ ಇದರಿಂದಲೇ ತಿಳಿಯುತ್ತದೆ. ಗಂಡನಿಲ್ಲದ ಮನೆಗಳಿಗೆ ಮತ್ತೆ ಮತ್ತೆ ರಾತ್ರಿ ಸರದಿಯೇ ಬೀಳುತ್ತಿದ್ದರೆ ಅದು ಆಕಸ್ಮಿಕವಾಗಿರಲಾರದು.

ಹಣದ ವಿಷಯದಲ್ಲಿ ಒಂದೇ ಸೂತ್ರ: ಓದಿ ಹೇಳದ ಲೆಕ್ಕ ಲೆಕ್ಕವಲ್ಲ. ವಂತಿಗೆ, ಗೋಡಿನ ಶುಲ್ಕ, ಮೇವಿನ ಹರಾಜು, ದಂಡ ಎಲ್ಲಕ್ಕೂ ರಸೀದಿ ಪುಸ್ತಕ ಇರಬೇಕು. ಬ್ಯಾಂಕಿನ ಖಾತೆಗೆ ಇಬ್ಬರ ಜಂಟಿ ಸಹಿ, ಅವರಲ್ಲಿ ಒಬ್ಬರು ಹೆಂಗಸು ಎಂದು ಗೊತ್ತುಮಾಡಬೇಕು. ತಿಂಗಳಿಗೊಮ್ಮೆ ಖಜಾಂಚಿಯಲ್ಲದ ಬೇರೊಬ್ಬ ಸದಸ್ಯರು ಜಮಾ ಖರ್ಚನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಶಾಲೆಗೆ ಹೋಗುವ ಹುಡುಗಿಯೊಬ್ಬಳಿಂದ ಓದಿಸಿದರೆ ಅವಳ ತಾಯಂದಿರೂ ಅಜ್ಜಿಯರೂ ಕಿವಿಗೊಟ್ಟು ಕೇಳುತ್ತಾರೆ, ಪ್ರಶ್ನೆಗಳೂ ಹೆಚ್ಚು ಬರುತ್ತವೆ. ಮೀನಿನ ಆದಾಯವನ್ನು ನೆಚ್ಚಿಕೊಳ್ಳುವ ಮುನ್ನ ಆ ಕೆರೆಯ ಮೀನಿನ ಹಕ್ಕು ಪಂಚಾಯಿತಿಯದೋ ಮೀನುಗಾರಿಕೆ ಇಲಾಖೆಯದೋ ಎಂದು ವಿಚಾರಿಸಿಕೊಳ್ಳಬೇಕು.

ಕೊಳವೆಬಾವಿಯವರಿಂದ ವಂತಿಗೆ ಪಡೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಕೆರೆ ತುಂಬುವ ಮುನ್ನ ಮತ್ತು ತುಂಬಿದ ಎರಡು ತಿಂಗಳ ನಂತರ ಸುತ್ತಲಿನ ಹತ್ತಾರು ಕೊಳವೆಬಾವಿಗಳು ದಿನಕ್ಕೆ ಎಷ್ಟು ಹೊತ್ತು ನೀರು ಕೊಡುತ್ತವೆ ಎಂಬುದನ್ನು ಅವರಿಂದಲೇ ಕೇಳಿ ಬರೆದಿಟ್ಟರೆ, ಮರುವರ್ಷ ಮಾತನಾಡಲು ಆಧಾರ ಸಿಗುತ್ತದೆ. ಪಂಪಿನ ಮೋಟರಿನ ಎಚ್.ಪಿ. ಲೆಕ್ಕದಲ್ಲಿ ವಂತಿಗೆ ಗೊತ್ತುಮಾಡುವುದು ತಕ್ಕಮಟ್ಟಿಗೆ ನ್ಯಾಯವಾದುದು. ಹೆಚ್ಚು ಎತ್ತುವವರು ಹೆಚ್ಚು ಕೊಡುತ್ತಾರೆ.

ದಂಡ, ದೂರು, ರಾಜಿ

ಸಾಮೂಹಿಕ ಸಂಪತ್ತನ್ನು ಬಳಕೆದಾರರೇ ಕಾಪಾಡಿಕೊಳ್ಳಬಲ್ಲರು ಎಂಬುದನ್ನು ತೋರಿಸಿದ ಸಂಶೋಧನೆಗಾಗಿ ಅಮೆರಿಕದ ಎಲಿನೋರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. ದೀರ್ಘಕಾಲ ಬಾಳಿದ ನೀರಾವರಿ ಮತ್ತು ಅರಣ್ಯ ಸಂಘಗಳಲ್ಲಿ ಅವರು ಗುರುತಿಸಿದ ಲಕ್ಷಣಗಳಲ್ಲಿ ಒಂದು, ಸಣ್ಣದರಿಂದ ಆರಂಭವಾಗಿ ಹಂತಹಂತವಾಗಿ ಏರುವ ದಂಡ. ನಮ್ಮ ಸಂಘಗಳು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ: ಐದು ಸಾವಿರ ದಂಡ ಎಂದು ಫಲಕ ಬರೆಸುತ್ತವೆ, ಒಮ್ಮೆಯೂ ವಸೂಲು ಮಾಡುವುದಿಲ್ಲ. ಮೊದಲ ತಪ್ಪಿಗೆ ಸಭೆಯಲ್ಲಿ ಹೆಸರು ಹೇಳಿ ಎಚ್ಚರಿಕೆ, ಎರಡನೆಯದಕ್ಕೆ ಅರ್ಧ ದಿನದ ಕಾಲುವೆ ಕೆಲಸ ಅಥವಾ ಅದರ ಕೂಲಿ, ಮೂರನೆಯದಕ್ಕೆ ಒಂದು ಸರದಿ ಕಡಿತ, ಆಮೇಲೆಯೂ ನಿಲ್ಲದಿದ್ದರೆ ಇಲಾಖೆಗೆ ದೂರು. ಸಮಿತಿಯವರು ತಪ್ಪು ಮಾಡಿದರೆ ದಂಡ ಇಮ್ಮಡಿ ಎಂದು ಬರೆದುಕೊಂಡರೆ ಊರಿನ ನಂಬಿಕೆ ಬೇಗ ಕುದುರುತ್ತದೆ.

ವ್ಯಾಜ್ಯ ತೀರಿಸಲು ಗೊತ್ತಾದ ವಾರ, ಗೊತ್ತಾದ ಹೊತ್ತು, ಗೊತ್ತಾದ ಜಾಗ ಇರಬೇಕು. ಸ್ಪೇನಿನ ವೇಲೆನ್ಸಿಯಾದಲ್ಲಿ ಕಾಲುವೆಗಳ ರೈತರೇ ಆರಿಸಿದ ನ್ಯಾಯಮಂಡಳಿಯೊಂದು ಶತಮಾನಗಳಿಂದ ಗುರುವಾರ ಮಧ್ಯಾಹ್ನ ಅಲ್ಲಿನ ದೊಡ್ಡ ಚರ್ಚಿನ ಬಾಗಿಲಲ್ಲಿ ಕುಳಿತು, ಬಾಯಿಮಾತಿನಲ್ಲಿಯೇ ವಿಚಾರಣೆ ನಡೆಸಿ ತೀರ್ಪು ಹೇಳುತ್ತ ಬಂದಿದೆ. ಮಾತನ್ನು ಎಲ್ಲರೆದುರು ಆಡಬೇಕಾಗಿ ಬಂದಾಗ ಉತ್ಪ್ರೇಕ್ಷೆ ತಾನಾಗಿಯೇ ತಗ್ಗುತ್ತದೆ. ನಮ್ಮಲ್ಲಿ ಸಂತೆಯ ಮರುದಿನ ಸಂಜೆ ಏರಿಯ ಮೇಲೆ ಎಂದು ಗೊತ್ತುಮಾಡಿಕೊಂಡರೂ ಆದೀತು.

ದುರಸ್ತಿಯ ಸರದಿ

ಮೊದಲು ರಾಜಕಾಲುವೆ, ಆಮೇಲೆ ತೂಬು, ಏರಿ, ಕೋಡಿ, ಅಚ್ಚುಕಟ್ಟಿನ ಕಾಲುವೆ, ಕಡೆಯಲ್ಲಿ ಹೂಳು. ಏರಿಯ ಮೇಲಿನ ಜಾಲಿಗಿಡಗಳನ್ನು ಎಳೆಯದಾಗಿದ್ದಾಗಲೇ ಕೀಳಬೇಕು. ದೊಡ್ಡ ಮರವನ್ನು ಕಡಿದರೆ ಒಳಗಿನ ಬೇರು ಕೊಳೆತು ನೀರಿಗೆ ದಾರಿಯಾಗುತ್ತದೆ, ಹಾಗಾಗಿ ಅಂತಹ ಕಡೆ ಇಂಜಿನಿಯರ ಸಲಹೆ ಪಡೆದು ಮಣ್ಣು ತುಂಬಿ ದಮ್ಮಸು ಮಾಡಿಸಬೇಕು. ಇಲಿ, ಏಡಿಗಳ ಬಿಲಗಳನ್ನು ಮಳೆಗಾಲಕ್ಕೆ ಮುಂಚೆ ಜೇಡಿಮಣ್ಣಿನಿಂದ ಮುಚ್ಚಬೇಕು. ಹೂಳೆತ್ತುವಾಗ ಏರಿಯ ಬುಡವನ್ನೂ, ನೀರು ಹಿಡಿದಿಡುವ ಜೇಡಿಯ ಪದರವನ್ನೂ ಮುಟ್ಟಬಾರದು. ಅಗೆತ ಮರಳಿಗೆ ಇಳಿಯಿತೆಂದರೆ ನೀರು ನಿಲ್ಲುವುದಿಲ್ಲ. ನೀರು ನೆಲಕ್ಕೆ ಇಂಗಲೆಂದೇ ಬಯಸುವ ಊರಿನವರು ಈ ಮಾತನ್ನು ಬೇರೆ ರೀತಿಯಲ್ಲಿ ತೀರ್ಮಾನಿಸಬಹುದು, ಆದರೆ ಗೊತ್ತಿದ್ದು ತೀರ್ಮಾನಿಸಬೇಕು. ಅಗೆತ ಸಂಘದ ಖರ್ಚು, ಸಾಗಣೆ ಗೋಡು ಒಯ್ಯುವ ರೈತರ ಖರ್ಚು ಎಂದು ಹಂಚಿಕೊಂಡರೆ ಹಣವೂ ಉಳಿಯುತ್ತದೆ, ಮಣ್ಣೂ ಕೆಂಪು ಹೊಲಗಳಿಗೆ ಸೇರುತ್ತದೆ. ಹೊಲಕ್ಕೆ ಹಾಕುವ ಮುನ್ನ ಗೋಡನ್ನು ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷಿಸಿ ಚೌಳಿನ ಅಂಶ ನೋಡಬೇಕು. ಊರಿನ ಕೊಳಚೆ ಸೇರುವ ಕೆರೆಯಾಗಿದ್ದರೆ ಇದು ಕಡ್ಡಾಯ.

ನೋಂದಣಿ

ಅಚ್ಚುಕಟ್ಟು 40 ಹೆಕ್ಟೇರಿನೊಳಗಿದ್ದರೆ ಕೆರೆ ಜಿಲ್ಲಾ ಪಂಚಾಯಿತಿಯ ವ್ಯಾಪ್ತಿಗೂ, ಅದನ್ನು ಮೀರಿದರೆ ಸಣ್ಣ ನೀರಾವರಿ ಇಲಾಖೆಗೂ ಸೇರುತ್ತದೆ. ಏರಿ ತೂಬುಗಳ ಕೆಲಸಕ್ಕೆ ಅವರ ಲಿಖಿತ ಅನುಮತಿ ಬೇಕು. ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಏಳು ಜನರಿಂದ ನೋಂದಾಯಿಸಬಹುದು. 1959ರ ಸಹಕಾರ ಸಂಘಗಳ ಕಾಯಿದೆಯಡಿ ನೀರು ಬಳಕೆದಾರರ ಸಹಕಾರ ಸಂಘವಾಗಿಯೂ ಕಟ್ಟಬಹುದು. ಷೇರು ಬಂಡವಾಳ, ಬೀಜ ಗೊಬ್ಬರದ ವ್ಯವಹಾರ, ಸದಸ್ಯರಿಗೆ ಸಾಲ ಇವೆಲ್ಲ ಉದ್ದೇಶದಲ್ಲಿದ್ದರೆ ಸಹಕಾರ ಸಂಘವೇ ಸರಿ, ಅದರ ಚುನಾವಣೆ, ಲೆಕ್ಕಪರಿಶೋಧನೆಯ ಕಟ್ಟುಪಾಡುಗಳನ್ನು ನಿಭಾಯಿಸುವ ಶಕ್ತಿ ಇರಬೇಕಷ್ಟೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿ ಹುಟ್ಟಿದ ಕೃಷಿ ಪತ್ತಿನ ಸಂಘದಿಂದ ಮೊದಲ್ಗೊಂಡು ನಮ್ಮ ಹಳ್ಳಿಗಳಿಗೆ ಈ ಕೆಲಸ ಅಪರಿಚಿತವಲ್ಲ. ಕೆರೆಯ ಕೆಲಸವಷ್ಟೇ ಇರುವ ಸಣ್ಣ ಊರಿಗೆ 1960ರ ಕಾಯಿದೆ ಸಾಕು. ಯಾವುದಾದರೂ ಸರಿ, ಒಂದು ಹಂಗಾಮು ಪೂರ್ತಿ ನೀರು ಹಂಚಿ, ಪುಸ್ತಕ ಬರೆದು ನೋಡಿದ ಮೇಲೆ ನೋಂದಣಿಗೆ ಹೋಗುವುದು ಸೂಕ್ತ ಎಂದು ನನ್ನ ಅಭಿಪ್ರಾಯ. ಅನುದಾನಕ್ಕೆಂದು ಅವಸರದಲ್ಲಿ ನೋಂದಾಯಿಸಿದ ಸಂಘಕ್ಕೆ ಅನುದಾನ ಮುಗಿದ ದಿನ ಕೆಲಸವೇ ಇರುವುದಿಲ್ಲ.

ಮೇಲಿನ ಕೆರೆ, ಕೆಳಗಿನ ಕೆರೆ

ನಮ್ಮ ಕೆರೆಗಳು ಸರಪಳಿಯಲ್ಲಿವೆ. ಒಂದರ ಕೋಡಿ ಬಿದ್ದ ನೀರು ಮುಂದಿನದಕ್ಕೆ ಹೋಗುತ್ತದೆ. ಹೆಚ್ಚು ನೀರು ನಿಲ್ಲಿಸಿಕೊಳ್ಳಲು ಮೇಲಿನ ಊರಿನವರು ಕೋಡಿಗೆ ಒಂದು ವರಸೆ ಕಲ್ಲೋ ಮರಳಿನ ಚೀಲವೋ ಏರಿಸಿದರೆ ಅವರ ಏರಿಗೂ ಅಪಾಯ, ಕೆಳಗಿನ ಕೆರೆಗೂ ನೀರಿಲ್ಲ. ಆದ್ದರಿಂದ ನಿಮ್ಮ ಸಂಘ ನೆಲೆ ನಿಂತ ಮೇಲೆ ಮೇಲಿನ ಮತ್ತು ಕೆಳಗಿನ ಕೆರೆಗಳ ಊರಿನವರೊಂದಿಗೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮುನ್ನ, ಜಂಟಿ ಸಭೆ ನಡೆಸಬೇಕು. ಅಲ್ಲಿ ಸಂಘವಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಮೂಲಕ ಇಬ್ಬರು ಪ್ರತಿನಿಧಿಗಳನ್ನು ಕರೆಸಬಹುದು. ಜಂಟಿ ಸಭೆಯ ಕಾರ್ಯಸೂಚಿ ಚಿಕ್ಕದು: ಕೋಡಿಯ ಮಟ್ಟವನ್ನು ಇಲಾಖೆಯ ಇಂಜಿನಿಯರರ ಎದುರಿನಲ್ಲಿ ಕಲ್ಲಿನ ಮೇಲೆ ಕೆತ್ತಿಸುವುದು, ನಡುವಿನ ಹಳ್ಳವನ್ನು ಯಾವ ಊರಿನವರು ಎಲ್ಲಿಂದ ಎಲ್ಲಿಯವರೆಗೆ ಬಿಡಿಸಬೇಕೆಂದು ಗೊತ್ತುಮಾಡುವುದು, ಭಾರಿ ಮಳೆಯ ರಾತ್ರಿಗಳಲ್ಲಿ ಮೇಲಿನ ನೀರುಗಂಟಿ ಕೆಳಗಿನವರಿಗೆ ಫೋನು ಮಾಡಿ ತಿಳಿಸುವ ವ್ಯವಸ್ಥೆ ಮಾಡುವುದು. ತೀರ್ಮಾನಗಳಿಗೆ ಎಲ್ಲ ಊರಿನವರ ಸಹಿ ಹಾಕಿಸಿ, ಒಂದೊಂದು ಪ್ರತಿಯನ್ನು ಆಯಾ ಸಂಘದ ಕಡತದಲ್ಲಿ, ಇನ್ನೊಂದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಕಚೇರಿಯಲ್ಲಿ ಇಡಬೇಕು.